ಮೂರನೇ ಸಾಲಿನ ಟಿಕ್ಕು

ಜೂನ್ 13

ಪ್ರೀತಿಯ ಅಕ್ಕಾ,

ನನಗೆ ಮದುವೆಯಾಯಿತು! ಹೌದು, ನನಗೇ! ಇದನ್ನು ಓದಿ ನೀವು ಕನ್ನಡಕವನ್ನು ಹಣೆಗೇರಿಸಿ "ಅಯ್ಯೋ ಗಿರಗಿಟ್ಲೆ!" ಅಂದದ್ದು ನನಗೆ ಇಲ್ಲಿಗೇ ಕೇಳಿಸಿತು. ವರ ಯಾರು ಅಂತ ಕೇಳುವುದೇ ಬೇಡ. ನೀವೇ ಅಡ್ಡಹೆಸರಿಟ್ಟವರು, ನಿಮ್ಮ ಲೆನ್ಸಪ್ಪ! ವರ್ಷಕ್ಕೊಮ್ಮೆ ಬರಬೇಕಾದ ಮೈಕ್ರೋಸ್ಕೋಪ್ ಮೆಕ್ಯಾನಿಕ್ಕು ಈ ವರ್ಷ ಆರು ಸಲ ಬಂದರಲ್ಲ, ಈ ಫೋಕಸ್ ತಿರುಪು ಯಾಕೆ ಹೀಗೆ ಸಡಿಲವಾಗುತ್ತದೆ ಅಂತ ನೀವು ತಲೆ ಕೆಡಿಸಿಕೊಂಡಿದ್ದಿರಲ್ಲ, ಸಡಿಲ ಮಾಡುತ್ತಿದ್ದವಳು ನಾನೇ. ತಪ್ಪಾಯಿತು, ಕಿವಿ ಹಿಡಿದುಕೊಂಡು ಬರೆಯುತ್ತಿದ್ದೇನೆ. ಒಂದೇ ಕಿವಿ. ಇನ್ನೊಂದು ಕೈಯಲ್ಲಿ ಪೆನ್ನಿದೆ.

ಇವರಿಗೆ ಈ ಊರಿಗೆ ವರ್ಗವಾಗಿತ್ತು, ಸೋಮವಾರ ಹಾಜರಾಗಬೇಕಿತ್ತು. ರಿಜಿಸ್ಟ್ರಾರ್ ಆಫೀಸಿನಲ್ಲಿ ನಮಗೆ ಸಿಕ್ಕಿದ್ದು ಮೂರನೇ ತಾರೀಕು, ಶುಕ್ರವಾರ ನಾಲ್ಕು ಗಂಟೆ. ಲ್ಯಾಬಿನಲ್ಲಿ ಏಪ್ರನ್ ಕಳಚಿ ಓಡಿದವಳು ನೇರ ಮದುವೆಗೇ ಓಡಿದೆ ಅಕ್ಕಾ! ಸಾಕ್ಷಿಗೆ ಒಬ್ಬರು ಕಡಿಮೆ ಬಿದ್ದರು ಅಂತ ಟ್ಯಾಕ್ಸಿ ಡ್ರೈವರನ್ನೇ ಒಳಗೆ ಕರೆದೆವು. ಆತ ಸಹಿ ಹಾಕಿ, "ಬೇಗ ಬೇಗ ಹಾರ ಹಾಕ್ಕೊಳ್ಳಿ, ಗಾಡಿ ಅಡ್ಡ ನಿಲ್ಸಿದೀನಿ" ಅಂದ. ನಮಗೆ ಸಿಕ್ಕ ಆಶೀರ್ವಾದ ಅಷ್ಟೇ. ಅಮ್ಮನಿಗೂ ಆಮೇಲೆಯೇ ತಿಳಿಸಿದ್ದು. ಅವಳಿನ್ನೂ ಮಾತು ಬಿಟ್ಟಿದ್ದಾಳೆ.

ಹಲ್ಲುನೋವು ಅಂತ ನಿಮ್ಮ ಹತ್ತಿರ ರಜೆ ಕೇಳಿದ್ದು ಸುಳ್ಳು. ನೀವು ಪರ್ಸಿನಿಂದ ನಿಮ್ಮ ನೋವಿನ ಮಾತ್ರೆಯ ಸ್ಟ್ರಿಪ್ಪು ತೆಗೆದುಕೊಟ್ಟು, ಕೆನ್ನೆ ಮುಟ್ಟಿ, "ಊದಿದೆ ಕಣೇ, ಪಾಪ" ಅಂದಿರಿ. ಊದಿರಲಿಲ್ಲ. ನಗು ತಡೆದುಕೊಂಡಿದ್ದೆ. "ಪ್ರಯೋಗದ ಮೂರನೇ ಸುತ್ತು ಮುಗಿಸಿಕೊಟ್ಟು ಎಲ್ಲಿಗಾದ್ರೂ ಹಾರಿಹೋಗು" ಅಂತ ನೀವು ಹೇಳಿದ್ದು ನೆನಪಿತ್ತು, ಅದಕ್ಕೇ ಹೇಳಲು ಧೈರ್ಯ ಬರಲಿಲ್ಲ. ರಾಜೀನಾಮೆ ಪತ್ರ ಇದರ ಜೊತೆಗಿದೆ, ನಿಮ್ಮ ಗೈಡ್ ಮೇಷ್ಟ್ರಿಗೆ ಕೊಡಿ, ಅವರು ಬೈಯುವಾಗ ನನ್ನ ಪರವಾಗಿ ನೀವೇ ನಿಂತು ಕೇಳಿಬಿಡಿ!

ನಮ್ಮದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಬೆಳಗಿನಿಂದ ಗಾಳಿ ಹಾಕುವ ಪಂಪಿನ ಶಬ್ದ. ಇವರು ನಮ್ಮ ನಾಲ್ಕು ಲೋಟಗಳನ್ನೂ ಲೆನ್ಸ್ ಒರೆಸುವ ಬಟ್ಟೆಯಿಂದಲೇ ಒರೆಸುತ್ತಾರೆ. ಎಷ್ಟು ಫಳಫಳ ಅಂದರೆ ಕೈಯಿಟ್ಟರೇ ಬೈಸಿಕೊಳ್ಳಬೇಕು.

ಒಂದು ಫೋಟೋ ಇಟ್ಟಿದ್ದೇನೆ. ಬರುವಾಗ ದಾರಿಯ ಜಂಕ್ಷನ್ನಿನಲ್ಲಿ ಇವರು ತೆಗೆದದ್ದು. ಕೈಚೀಲವನ್ನು ಎದೆಗೆ ಅವುಚಿಕೊಂಡು ಹಲ್ಲೆಲ್ಲ ಕಾಣುವಂತೆ ನಗುತ್ತಿರುವುದು ನಾನೇ. ನೋಯದ ಹಲ್ಲು!

ಕೋಪ ಮಾಡಿಕೊಳ್ಳದೆ ಬರೆಯಿರಿ. ನಮ್ಮ ಕೋಶಗಳ ಪ್ಲೇಟುಗಳು ಹೇಗಿವೆ ಅಂತಲೂ ಬರೆಯಿರಿ.

ನಿಮ್ಮ
ಗಿರಗಿಟ್ಲೆ

---

ಜೂನ್ 22

ಗಿರಗಿಟ್ಲೆ,

ಕಳ್ಳಿ! ಆರು ತಿಂಗಳು ಆ ತಿರುಪಿಗೆ ಎಣ್ಣೆ ಬಿಟ್ಟವಳು ನಾನು! ಕಂಪನಿಗೆ ದೂರು ಬರೆದವಳೂ ನಾನು. ನಿನ್ನ ಮದುವೆ ಮಾಡಿಸಿದ್ದು ನನ್ನ ದೂರಿನ ಪತ್ರಗಳೇ ಅಂದ ಹಾಗಾಯಿತು. ಲೆನ್ಸಪ್ಪನಿಗೆ ಹೇಳು, ನಮ್ಮ ಮನೆಯ ಹುಡುಗಿಯನ್ನು ಸರ್ವಿಸ್ ಚಾರ್ಜ್ ಅಂತ ಎತ್ತಿಕೊಂಡು ಹೋದದ್ದಕ್ಕೆ ರಸೀದಿ ಕೊಡಲಿ.

ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಎರಡು ದಿನ ನಿನ್ನ ಕಾಗದವನ್ನು ಡ್ರಾಯರಿಗೆ ಹಾಕಿದ್ದೆ. ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೇನೇ? ಟ್ಯಾಕ್ಸಿಯವನ ಬದಲು ನಾನೇ ಬಂದು ಸಹಿ ಹಾಕುತ್ತಿದ್ದೆ. ಆಮೇಲೆ ನಿನ್ನ ಫೋಟೋ ತೆಗೆದು ನೋಡಿದೆ, ಕೋಪ ಇಳಿಯಿತು. ಅದನ್ನು ಕಲ್ಚರ್ ರೂಮಿನಲ್ಲಿ ಇನ್‌ಕ್ಯುಬೇಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಬಾಗಿಲು ತೆಗೆದಾಗಲೆಲ್ಲ ನೀನು ಹಲ್ಲು ಬಿಡುತ್ತೀಯ.

ಈಗ ನನ್ನ ಸುದ್ದಿ ಕೇಳು. ಕೂತಿದ್ದೀಯಾ? ಮೂರನೇ ಸಾಲು ಸತ್ತಿದೆ!

ನೀನು ಓಡಿಹೋದ ಮೇಲಿನ ಸೋಮವಾರ ಬೆಳಿಗ್ಗೆ ನೋಡಿದೆ. ಕೋಶಗಳನ್ನು ಬದುಕಿಸುವ ಫ್ಯಾಕ್ಟರ್ ಕೊಟ್ಟ ಮೊದಲ ಸಾಲು ಕೈಕಾಲು ಚಾಚಿಕೊಂಡು ಸುಖವಾಗಿದೆ. ಫ್ಯಾಕ್ಟರ್ ಕೊಡದ ಎರಡನೇ ಸಾಲು ಸತ್ತಿದೆ, ಸಾಯಲೇಬೇಕಿತ್ತು. ಫ್ಯಾಕ್ಟರನ್ನೂ ಕೊಟ್ಟು ನಮ್ಮ ಮದ್ದನ್ನೂ ಹಾಕಿದ ಮೂರನೇ ಸಾಲು ಎರಡನೆಯದರ ಹಾಗೆಯೇ ಸತ್ತಿದೆ. ಅದೇ ಕುಗ್ಗುವಿಕೆ, ಅದೇ ಗುಳ್ಳೆಗಳು. ಅಂದರೆ ಬದುಕಿನ ಸುದ್ದಿ ಹೊರಗಿನಿಂದ ಬರುತ್ತಿದ್ದರೂ, ಒಳಗೆ ಆ ಒಂದು ಕೊಂಡಿಯನ್ನು ಕಡಿದರೆ ಕೋಶ ಸಾಯುತ್ತದೆ. ಒಂಬತ್ತು ವರ್ಷದಿಂದ ನಾನು ಹೇಳುತ್ತ ಬಂದದ್ದು ಇದನ್ನೇ ಅಲ್ಲವೇನೇ!

ಮೊದಲ ಎರಡು ಸುತ್ತು ನಾನೇ ಮಾಡಿದಾಗ ಮೂರನೇ ಸಾಲು ಸತ್ತಿರಲಿಲ್ಲ, ನಿನಗೇ ಗೊತ್ತು. ಎಷ್ಟು ಅತ್ತಿದ್ದೆ. ಈಗ ಅರ್ಥವಾಯಿತು, ತಪ್ಪಿದ್ದು ನನ್ನ ಕೈ. ಮದ್ದು ಬೆರೆಸುವಾಗ ಎಲ್ಲೋ ಎಡವಿದ್ದೇನೆ. ನಲವತ್ತಾರು ವರ್ಷದ ಕೈ, ನಡುಗುತ್ತದೆ. ನಿನ್ನ ಲಾಗ್ ಪುಸ್ತಕ ನೋಡಿದೆ. ಮದುವೆಗೆ ಓಡುವ ಅವಸರದಲ್ಲೂ ಫ್ಯಾಕ್ಟರ್ ಹಾಕಬೇಕಾದ ಎರಡೂ ಸಾಲಿಗೆ ಅಚ್ಚುಕಟ್ಟಾದ ಟಿಕ್ಕು, ವೇಳೆ, ಸಹಿ. ನಾನು ಕಲಿಸಿದ್ದು ವ್ಯರ್ಥವಾಗಲಿಲ್ಲ.

ಅಮ್ಮನಿಗೆ ವಾರಕ್ಕೊಂದು ಕಾಗದ ಹಾಕು. ಉತ್ತರ ಬರದಿದ್ದರೂ ಹಾಕು.

ಅಕ್ಕ

---

ಜುಲೈ 5

ಪ್ರೀತಿಯ ಅಕ್ಕಾ,

ನಿಮ್ಮ ಕಾಗದ ಬಂದು ವಾರವಾಯಿತು. ಉತ್ತರ ಬರೆಯಲು ತಡವಾದದ್ದಕ್ಕೆ ಸೀಮೆಎಣ್ಣೆ ಸ್ಟೋವು, ಸೋರುವ ನಲ್ಲಿ, ಇವರ ಆಫೀಸಿನವರು ಊಟಕ್ಕೆ ಬಂದದ್ದು, ಹೀಗೆ ನೂರೆಂಟು ಕಾರಣಗಳಿವೆ!

ನಿಮಗೆ ಅಭಿನಂದನೆ ಅಕ್ಕಾ. ನಿಜವಾಗಿ.

ನಿಮ್ಮ ಕಾಗದವನ್ನು ಇವರಿಗೂ ಓದಿ ಹೇಳಿದೆ. "ಅಷ್ಟು ಸ್ಪಷ್ಟವಾಗಿ ಕಾಣ್ಸಿದ್ದು ಯಾರು ಒರೆಸಿದ ಲೆನ್ಸು?" ಅಂತ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದಾರೆ. ಆಮೇಲೆ ಕೂತು, "ಸರಿ, ಜೀವಕೋಶ ಸಾಯೋದು ಅಂದ್ರೆ ಏನು, ನನಗೆ ತಿಳಿಯೋ ಹಾಗೆ ಹೇಳು" ಅಂದರು. ನೀವು ನನಗೆ ಮೊದಲ ದಿನ ಹೇಳಿದ ಹಾಗೆಯೇ ಹೇಳಿದೆ. ಪ್ರತಿ ಕೋಶದ ಒಳಗೂ ಅದರ ಸಾವು ಮೊದಲೇ ಮಡಚಿಟ್ಟಿರುತ್ತದೆ, ಅದಕ್ಕೆ ಬೇಕಾದ ಕತ್ತರಿಗಳೂ ಸಿದ್ಧವಾಗಿರುತ್ತವೆ. ಆದರೆ ಹೊರಗಿನಿಂದ, ಪಕ್ಕದ ಕೋಶಗಳಿಂದ, 'ಇರು, ನೀನು ಬೇಕು' ಅನ್ನುವ ಸುದ್ದಿ ಬರುತ್ತಲೇ ಇರುತ್ತದೆ. ಬಾಗಿಲಲ್ಲಿ ಕೂತವನು ಆ ಚೀಟಿ ತೆಗೆದುಕೊಂಡು ಒಳಗಿನವನಿಗೆ ಕೊಡುತ್ತಾನೆ, ಅವನು ಇನ್ನೊಬ್ಬನಿಗೆ, ಹೀಗೆ ಕೈಯಿಂದ ಕೈಗೆ ಹೋಗಿ ಕೊನೆಗೆ ಕತ್ತರಿಗಳ ಬೀಗದ ಕೈ ಇಟ್ಟುಕೊಂಡವನಿಗೆ ಮುಟ್ಟುತ್ತದೆ. ಚೀಟಿ ಬರುತ್ತಿರುವವರೆಗೆ ಅವನು ಬೀಗ ತೆಗೆಯುವುದಿಲ್ಲ. ನಿಂತಿತೋ, ತೆಗೆಯುತ್ತಾನೆ. ಕೋಶ ತನ್ನನ್ನು ತಾನೇ ಕತ್ತರಿಸಿ, ಪೊಟ್ಟಣ ಕಟ್ಟಿ, ಯಾರಿಗೂ ತೊಂದರೆಯಾಗದಂತೆ ಹೊರಟುಹೋಗುತ್ತದೆ.

ಇವರು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೇಳಿದರು. "ಅಂದ್ರೆ, ಹೊರಗಿಂದ ಚೀಟಿನೇ ಬರದೆ ಸತ್ತಿದ್ದು, ಚೀಟಿ ಬಂದರೂ ಮಧ್ಯೆ ಒಬ್ಬನ ಕೈ ಕಟ್ಟಿಹಾಕಿದ್ದಕ್ಕೆ ಸತ್ತಿದ್ದು, ಎರಡೂ ಲೆನ್ಸಲ್ಲಿ ಒಂದೇ ಥರ ಕಾಣುತ್ತಾ?"

ಹೌದು, ಒಂದೇ ಥರ, ಅಂದೆ.

"ಹಾಗಾದ್ರೆ ನಿಮ್ಮಕ್ಕ ಹೇಗೆ ಗುರುತು ಹಿಡೀತಾರೆ?"

ಲಾಗ್ ನೋಡಿ, ಅಂದೆ. ಲೆನ್ಸ್ ಒರೆಸುವವರು ಇಂಥ ಪ್ರಶ್ನೆ ಕೇಳಬಾರದು ಅಲ್ಲವಾ!

ಅಕ್ಕಾ, ನೀವು ಇನ್ನೊಂದು ಸುತ್ತು ಮಾಡಬಾರದೇಕೆ? ಒಂದೇ ಒಂದು. ನಿಮ್ಮದು ತಪ್ಪುವ ಕೈಯಲ್ಲ. ನನಗೆ ಗೊತ್ತಿರುವಷ್ಟು ಆ ಕೈ ಯಾರಿಗೂ ಗೊತ್ತಿಲ್ಲ. ದಯವಿಟ್ಟು ಮಾಡಿ.

ನಿಮ್ಮ
ಗಿರಗಿಟ್ಲೆ

---

ಜುಲೈ 20

ಗಿರಗಿಟ್ಲೆ,

ಲೆನ್ಸಪ್ಪ ಜಾಣ. ಹೀಗೆ ಪ್ರಶ್ನೆ ಕೇಳುವವನನ್ನು ಮೇಷ್ಟ್ರು ಹತ್ತು ವರ್ಷದಿಂದ ಹುಡುಕುತ್ತಿದ್ದಾರೆ, ಸಿಗುವುದೆಲ್ಲ ನಮ್ಮಂಥವರು.

ಇನ್ನೊಂದು ಸುತ್ತು ಹೇಗೆ ಮಾಡಲೇ? ಮದ್ದು ಮುಗಿಯಿತು. ದೂರದ ಲ್ಯಾಬಿನವರು ದೊಡ್ಡ ಮನಸ್ಸು ಮಾಡಿ ಕಳಿಸಿದ ಒಂದು ಚಿಟಿಕೆ ಅದು. ಅವರೂ ಇನ್ನೊಮ್ಮೆ ತಯಾರಿಸುವುದು ಮುಂದಿನ ವರ್ಷವಂತೆ. ನನ್ನ ಪಿಎಚ್‌ಡಿ ರಿಜಿಸ್ಟ್ರೇಷನ್ ಅಕ್ಟೋಬರಿಗೆ ಕೊನೆ. ಎರಡು ಸಲ ಮುಂದೂಡಿಸಿಕೊಂಡಾಗಿದೆ, ಮೂರನೆಯದಕ್ಕೆ ಅವಕಾಶವಿಲ್ಲ. ಸೆಪ್ಟೆಂಬರ್ 16ಕ್ಕೆ, ಶುಕ್ರವಾರ, ಎಲ್ಲರೆದುರು ನನ್ನ ಸೆಮಿನಾರು. ಅವತ್ತು ಕಮಿಟಿ ಒಪ್ಪಿದರೆ ಪ್ರಬಂಧ ಒಳಗೆ, ಇಲ್ಲದಿದ್ದರೆ ಒಂಬತ್ತು ವರ್ಷ ಹೊರಗೆ.

ಮೇಷ್ಟ್ರು ಮೊನ್ನೆ ನನ್ನ ಟೇಬಲ್ಲಿನವರೆಗೂ ಬಂದು, "ಇಷ್ಟು ವರ್ಷ ನಿಮ್ಮಿಂದ ಏನೂ ಆಗಲ್ಲ ಅಂದ್ಕೊಂಡಿದ್ದೆ ಕಣಮ್ಮ" ಅಂದರು. ಅದು ಅವರ ಹೊಗಳಿಕೆ. ನನಗೆ ಅಳು ಬಂತು, ಕೆಮ್ಮಿದ ಹಾಗೆ ಮಾಡಿದೆ.

ನನ್ನ ಎರಡು ಸುತ್ತುಗಳನ್ನು ಪ್ರಬಂಧದಿಂದ ತೆಗೆದುಬಿಟ್ಟೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಎರಡೂ ಪುಟಗಳ ಮೇಲೆ 'ಕೈತಪ್ಪು' ಅಂತ ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿದೆ. ಬರೆಯುವಾಗ ಸ್ವಲ್ಪ ಚುರ್ ಅಂತು. ಆದರೆ ತನ್ನ ತಪ್ಪನ್ನು ತಾನು ಒಪ್ಪಿಕೊಳ್ಳದವರು ಈ ಕೆಲಸಕ್ಕೆ ಬರಬಾರದು ಅಂತ ನಿನಗೆ ಹೇಳಿದವಳು ನಾನೇ ತಾನೆ?

ನೀನು ಕೆಲಸಕ್ಕೆ ಅರ್ಜಿ ಹಾಕಿದ ಆಸ್ಪತ್ರೆಯ ಲ್ಯಾಬಿನವರು ನನ್ನ ಅಭಿಪ್ರಾಯ ಕೇಳಿ ಬರೆದಿದ್ದರು. 'ನನ್ನ ಕಣ್ಣಿಗಿಂತ ಈಕೆಯ ಲಾಗನ್ನು ಹೆಚ್ಚು ನಂಬುತ್ತೇನೆ' ಅಂತ ಬರೆದು ಕಳಿಸಿದೆ. ಉಬ್ಬಬೇಡ.

ಅಕ್ಕ

---

ಆಗಸ್ಟ್ 3

ಅಕ್ಕಾ,

ಕೆಲಸ ಸಿಕ್ಕಿತು. ನಿಮ್ಮ ಪತ್ರದಿಂದಲೇ ಸಿಕ್ಕಿತು ಅಂತ ಇಲ್ಲಿನ ಮುಖ್ಯಸ್ಥೆ ಹೇಳಿದರು. ರಕ್ತದ ಮಾದರಿಗಳು, ಸ್ಲೈಡುಗಳು, ಬೆಳಿಗ್ಗೆ ಎಂಟರಿಂದ ನಿಂತೇ ಇರಬೇಕು. ಇಲ್ಲಿಯೂ ಲಾಗ್ ಪುಸ್ತಕವಿದೆ.

ಆ ಶುಕ್ರವಾರ ನಾನು

ಏನಿಲ್ಲ, ಇವರು ಕರೆದರು. ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ. ಆರೋಗ್ಯ ನೋಡಿಕೊಳ್ಳಿ.

ಗಿರಗಿಟ್ಲೆ

---

ಆಗಸ್ಟ್ 16

ಗಿರಗಿಟ್ಲೆ,

ಇದೇನೇ ಇದು, ಕಾಗದವೋ ಔಷಧಿ ಚೀಟಿಯೋ? ಮದುವೆಯಾದ ಹೊಸತರಲ್ಲಿ ಆಶ್ಚರ್ಯಸೂಚಕ ಚಿಹ್ನೆಗಳಿಂದ ಕಣ್ಣಿಗೆ ಚುಚ್ಚುತ್ತಿದ್ದೆ, ಈಗ ಹುಡುಕಿದರೂ ಒಂದಿಲ್ಲ. ಲೆನ್ಸಪ್ಪ ಏನಾದರೂ ಅಂದನೇ? ಅಂದಿದ್ದರೆ ಹೇಳು, ನಮ್ಮ ಮೈಕ್ರೋಸ್ಕೋಪಿನ ತಿರುಪು ಇನ್ನೂ ನನ್ನ ಕೈಯಲ್ಲೇ ಇದೆ, ಕರೆಸಿಕೊಂಡು ವಿಚಾರಿಸುತ್ತೇನೆ. ಅಥವಾ ಬೇರೇನಾದರೂ ವಿಶೇಷವೋ? ಇದ್ದರೆ ಈ ಸಲವಾದರೂ ನನಗೆ ಮೊದಲು ಹೇಳಬೇಕು.

ಪ್ರಬಂಧದ ಕೃತಜ್ಞತೆಯ ಪುಟ ಬರೆದೆ. ಅಪ್ಪ, ಮೇಷ್ಟ್ರು, ಆಮೇಲೆ ನೀನು. 'ಮೂರನೇ ಸುತ್ತು ಆಕೆಯ ಕೈಯಿಂದ ಆಯಿತು. ನನ್ನ ಕೈ ಸೋತಲ್ಲಿ ಆಕೆಯ ಕೈ ಗೆದ್ದಿತು.' ಸ್ವಲ್ಪ ನಾಟಕೀಯವಾಯಿತು, ಇರಲಿ. ಒಂಬತ್ತು ವರ್ಷಕ್ಕೊಮ್ಮೆ ನಾಟಕ ಮಾಡಬಹುದು.

ಸೆಮಿನಾರಿಗೆ ಬಾ. ಮೊದಲ ಸಾಲಿನಲ್ಲಿ ಕೂರಬೇಕು. ಮೂರನೇ ಸಾಲಿನ ಚಿತ್ರ ಪರದೆಯ ಮೇಲೆ ಬಂದಾಗ ನಿನ್ನ ಮುಖ ನೋಡಬೇಕು ನನಗೆ.

ಅಕ್ಕ

---

ಆಗಸ್ಟ್ 28

ಅಕ್ಕಾ,

ಮೂರನೇ ಸಾಲಿಗೆ ನಾನು ಫ್ಯಾಕ್ಟರ್ ಹಾಕಲಿಲ್ಲ.

ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಹೊರಟು ನಾಲ್ಕು ಹಾಳೆ ಹರಿದೆ. ಶಾಲೆಯಲ್ಲಿ ನಮಗೆ ಕ್ಷಮಾಪಣೆಯ ಪತ್ರವನ್ನು ಮಾದರಿ ಸಮೇತ ಕಲಿಸಿದ್ದರು. ಎಲ್ಲ ವಾಕ್ಯಗಳೂ ಬಾಯಿಗೆ ಬರುತ್ತವೆ, ಯಾವುದೂ ನನ್ನದಲ್ಲ. ಅದಕ್ಕೇ ಹೀಗೆ.

ಅವತ್ತು ಮೂರು ಗಂಟೆಗೆ ನೀವು ಮೇಷ್ಟ್ರ ಮೀಟಿಂಗಿನಲ್ಲಿದ್ದಿರಿ. ನಾನು ಫ್ರೀಜರಿನಿಂದ ಫ್ಯಾಕ್ಟರಿನ ಎರಡು ಟ್ಯೂಬು ತೆಗೆದೆ. ಮೊದಲನೆಯದು ಕರಗಿತು, ಮೊದಲ ಸಾಲಿಗೆ ಹಾಕಿದೆ. ಎರಡನೇ ಸಾಲಿಗೆ ಬರೀ ಪೋಷಕ ದ್ರವ, ಮೀಡಿಯಂ. ಮೂರನೆಯದಕ್ಕೆ ಹಳೆಯ ಮೀಡಿಯಂ ತೆಗೆದು, ಮದ್ದು ಬೆರೆಸಿದ ಹೊಸದನ್ನು ಹಾಕಿದೆ. ಎರಡನೇ ಟ್ಯೂಬು ಇನ್ನೂ ಮಂಜುಗಡ್ಡೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತ, ಅಷ್ಟರಲ್ಲಿ ಬರೆಯುವ ಕೆಲಸ ಮುಗಿಯಲಿ ಅಂತ ಲಾಗಿನಲ್ಲಿ ಎರಡೂ ಸಾಲಿಗೆ ಟಿಕ್ಕು ಹಾಕಿದೆ. ವೇಳೆ ಬರೆದೆ. ಸಹಿ ಮಾಡಿದೆ. 'ಮಾಡಿದ್ದನ್ನು ಬರಿ, ಮಾಡಬೇಕಾದ್ದನ್ನಲ್ಲ' ಅಂತ ನೀವು ಹೇಳಿದ್ದು ನೂರು ಸಲವಲ್ಲ, ಸಾವಿರ ಸಲ. ಕೆಳಗೆ ಟ್ಯಾಕ್ಸಿ ಹಾರ್ನ್ ಮಾಡಿತು. ಮೂರು ಸಲ ಮಾಡಿತು. ಟ್ರೇಯನ್ನು ಇನ್‌ಕ್ಯುಬೇಟರಿಗೆ ತಳ್ಳಿ, ಏಪ್ರನ್ ಕಳಚಿ, ಪೆನ್ನನ್ನು ಕೈಚೀಲಕ್ಕೆ ಹಾಕಿದೆ. ಪೆನ್ನಿನ ಜೊತೆಗೇ ಮುಷ್ಟಿಯಲ್ಲಿದ್ದ ಟ್ಯೂಬೂ ಒಳಗೆ ಬಿತ್ತು.

ಇಲ್ಲಿಯವರೆಗಿನದು ಮರೆವು. ಇಷ್ಟೇ ಆಗಿದ್ದರೆ ನಿಮ್ಮ ಮುಖ ನೋಡಿ ಹೇಳಬಲ್ಲೆ.

ಮಾರನೆಯ ಬೆಳಿಗ್ಗೆ ರೈಲಿನಲ್ಲಿ ಬಾಚಣಿಗೆ ಹುಡುಕುವಾಗ ಟ್ಯೂಬು ಕೈಗೆ ಸಿಕ್ಕಿತು. ಬೆಚ್ಚಗಿತ್ತು, ನೀರಾಗಿತ್ತು. ಗಡಿಯಾರ ನೋಡಿದೆ. ಒಂಬತ್ತಕ್ಕೆ ಹತ್ತು ನಿಮಿಷ. ನಾನು ಮೀಡಿಯಂ ತೆಗೆದು ಹದಿನೇಳೂವರೆ ಗಂಟೆ. ಸುದ್ದಿ ನಿಂತ ಇಪ್ಪತ್ತು ಗಂಟೆಯೊಳಗೆ ಮತ್ತೆ ಮುಟ್ಟಿಸಿದರೆ ನಮ್ಮ ಕೋಶಗಳಲ್ಲಿ ಬಹುಪಾಲು ಮರಳುತ್ತವೆ, ಆ ಗಡಿ ದಾಟಿದ ಮೇಲೆ ಬಕೆಟ್‌ಗಟ್ಟಲೆ ಸುರಿದರೂ ಮರಳುವುದಿಲ್ಲ, ಇದನ್ನು ಕಲಿಸಿದವರು ನೀವು. ಶನಿವಾರ ನೀವು ಲ್ಯಾಬಿಗೆ ಬಂದೇ ಬರುತ್ತೀರಿ ಅಂತಲೂ ಗೊತ್ತಿತ್ತು.

ಹತ್ತು ಗಂಟೆಗೆ ಜಂಕ್ಷನ್ನಿನಲ್ಲಿ ರೈಲು ನಲವತ್ತು ನಿಮಿಷ ನಿಂತಿತು. ಪ್ಲಾಟ್‌ಫಾರಮ್ಮಿನಲ್ಲಿ ಫೋನ್ ಬೂತಿತ್ತು. ಇವರಿಗೆ ಅಮ್ಮನಿಗೆ ಫೋನ್ ಮಾಡುತ್ತೇನೆ ಅಂದೆ. ನನ್ನ ಮುಂದೆ ಇಬ್ಬರಿದ್ದರು. ಅವರದ್ದು ಮುಗಿಯಿತು. ರಿಸೀವರ್ ಎತ್ತಿ ಲ್ಯಾಬಿನ ನಂಬರು ತಿರುಗಿಸಿದೆ. ಅತ್ತ ಗಂಟೆ ಬಾರಿಸಿತು. ಎರಡು ಸಲ ಬಾರಿಸಿತು. ನೀವು ಎತ್ತಿದರೆ ಏನು ಹೇಳಲಿ? 'ಎಲ್ಲಿದ್ದೀಯ, ಹಲ್ಲುನೋವು ಹೇಗಿದೆ' ಅಂತ ಕೇಳುತ್ತೀರಿ. ಹಲ್ಲುನೋವು ಸುಳ್ಳು ಅನ್ನಬೇಕು, ಮದುವೆಯಾದೆ ಅನ್ನಬೇಕು, ಆಮೇಲೆ ಮೂರನೇ ಸಾಲು. ಅಷ್ಟನ್ನೂ ಒಂದೇ ಉಸಿರಿಗೆ. ನನಗೆ ನಾಚಿಕೆಯಾಯಿತು ಅಕ್ಕಾ. ಬರೀ ಆ ನಾಚಿಕೆಗೆ ರಿಸೀವರ್ ಕೆಳಗಿಟ್ಟೆ.

ಅತ್ತ ಮೂರನೇ ಗಂಟೆ ಬಾರಿಸಿತೋ ಇಲ್ಲವೋ ಗೊತ್ತಿಲ್ಲ. ನೀವು ಎದ್ದು ಬಂದು ಎತ್ತಿಕೊಂಡು 'ಯಾರು?' ಅಂದಿರೋ ಏನೋ.

ಬೂತಿನಿಂದ ಹೊರಗೆ ಬಂದರೆ ಇವರು ಕ್ಯಾಮೆರಾ ಹಿಡಿದು ನಿಂತಿದ್ದರು. "ನಗು ನಗು" ಅಂದರು. ನಕ್ಕೆ. ನೀವು ಗೋಡೆಗೆ ಅಂಟಿಸಿರುವುದು ಅದೇ ನಗು. ನಾನು ಅವುಚಿಕೊಂಡಿರುವ ಕೈಚೀಲದಲ್ಲಿ ಆ ಟ್ಯೂಬು ಇದೆ. ಅಷ್ಟು ಹೊತ್ತಿಗೂ ನಿಮ್ಮ ಮೂರನೇ ಸಾಲು ಬದುಕಿತ್ತು.

ಪ್ಲೇಟು ಹಾಳಾಯಿತು ಅಂತ ನೀವು ಬೈದು ಬರೆಯುತ್ತೀರಿ, ಆಗ ಹೇಳೋಣ ಅಂದುಕೊಂಡಿದ್ದೆ. ನೀವು ಖುಷಿಯಿಂದ ಬರೆದಿರಿ. ನಿಮ್ಮ ಎರಡು ಸುತ್ತುಗಳೇ ಸರಿ, ಅಕ್ಕಾ. ಮದ್ದು ಹಾಕಿದರೂ ಕೋಶ ಸಾಯಲಿಲ್ಲ, ಅದೇ ನಿಜ. ನಿಮ್ಮ ಕೈ ಎಲ್ಲಿಯೂ ತಪ್ಪಿಲ್ಲ. ತಪ್ಪದ ಕೈಯಿಂದ ನೀವು 'ಕೈತಪ್ಪು' ಅಂತ ಬರೆಯುವ ಹಾಗೆ ಮಾಡಿದೆ. ಜುಲೈಯಲ್ಲಿ ಆ ಕಾಗದ ಓದಿದ ಮೇಲೂ ಒಂದು ತಿಂಗಳು ಸುಮ್ಮನಿದ್ದೆ. ನಿಮ್ಮ ಹೊಗಳಿಕೆಯ ಮೇಲೆ ಸಿಕ್ಕ ಕೆಲಸಕ್ಕೆ ದಿನಾ ಬೆಳಿಗ್ಗೆ ಹೋದೆ.

ಕ್ಷಮಿಸಿ ಅನ್ನುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ಗೊತ್ತಿದ್ದೂ ಕೇಳುವುದು ಇನ್ನೊಂದು ಸುಳ್ಳಾಗುತ್ತದೆ. ಈ ಕಾಗದವನ್ನು ಮೇಷ್ಟ್ರಿಗೆ ತೋರಿಸಿ.

ಗಿರಗಿಟ್ಲೆ

---

ಸೆಪ್ಟೆಂಬರ್ 3

ಮಾಜಿ ಸಂಶೋಧನಾ ಸಹಾಯಕಿಯವರಿಗೆ,

ನಿಮ್ಮ ಆಗಸ್ಟ್ 28ರ ಪತ್ರ ತಲುಪಿದೆ.

ಪತ್ರವನ್ನು ಮಾರ್ಗದರ್ಶಕರಿಗೆ ತೋರಿಸಿದ್ದೇನೆ. ಅವರು ಓದಿ, "ಲಾಗಿನಲ್ಲಿ ಟಿಕ್ಕಿದೆ, ಸಹಿ ಇದೆ. ನಮಗೆ ದಾಖಲೆ ಅದು. ಇದು ಮನೆ ಕಾಗದ. ಇದನ್ನ ನಂಬ್ಕೊಂಡು ಅಧ್ಯಾಯ ತೆಗೆದ್ರೆ ನಾಳೆ ಇನ್ನೊಬ್ಬರು ಇನ್ನೊಂದು ಕಾಗದ ಬರೀತಾರೆ" ಎಂದರು. ಟ್ಯೂಬಿನ ಲೆಕ್ಕ ನೋಡೋಣವೆಂದು ಫ್ರೀಜರ್ ಪುಸ್ತಕ ತೆಗೆದೆ. ಎರಡು ಹೊರಗೆ ಹೋಗಿವೆ ಎಂದಿದೆ. ಅಷ್ಟೇ ಇದೆ.

ಲ್ಯಾಬಿನ ನಿಯಮವನ್ನು ನೆನಪಿಸುತ್ತೇನೆ. ಲಾಗಿನ ನಮೂದನ್ನು ಬರೆದವರ ಹೊರತು ಬೇರಾರೂ ಹೊಡೆದುಹಾಕುವಂತಿಲ್ಲ. ಬರೆದವರೇ ಬಂದು, ಮೂಲ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ, ತಾರೀಕು, ಸಹಿ ಹಾಕಬೇಕು. ಮಾರ್ಗದರ್ಶಕರ ಎದುರಿಗೆ ಆಗಬೇಕು. ಅಂಚೆಯಲ್ಲಿ ಆಗುವುದಿಲ್ಲ.

ಅದು 16ನೇ ತಾರೀಕಿನೊಳಗೆ ಆದರೆ ನನ್ನ ಮೊದಲ ಎರಡು ಸುತ್ತುಗಳ ಮೇಲೆ ನಾನು ಬರೆದುಕೊಂಡಿರುವುದನ್ನು ಹೊಡೆದುಹಾಕಿ, ಅವುಗಳನ್ನು ಇಟ್ಟುಕೊಂಡು ಸೆಮಿನಾರು ಮಾಡುತ್ತೇನೆ. ಆ ಕೊಂಡಿ ಕಡಿದರೂ ಕೋಶ ಬದುಕುತ್ತದೆ, ಸುದ್ದಿ ಒಳಗೆ ಹೋಗಲು ನಮಗೆ ಕಾಣದ ಇನ್ನೊಂದು ದಾರಿಯಿದೆ ಎಂದು ಹೇಳಬೇಕಾಗುತ್ತದೆ. ಆ ದಾರಿ ಯಾವುದೆಂದು ಕಮಿಟಿ ಕೇಳುತ್ತದೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ಒಪ್ಪುತ್ತಾರೋ ಇಲ್ಲವೋ ಹೇಳಲಾರೆ.

ಆಗದಿದ್ದರೆ ನಾನು ಸೆಮಿನಾರಿಗೆ ನಿಲ್ಲುವುದಿಲ್ಲ. ಸತ್ತ ಮೂರನೇ ಸಾಲನ್ನು ಪರದೆಯ ಮೇಲೆ ತೋರಿಸುವುದು ನನ್ನಿಂದಾಗದು.

ಜೂನ್ ನಾಲ್ಕರಂದು ಬೆಳಿಗ್ಗೆ ಲ್ಯಾಬಿನ ಫೋನು ಬಾರಿಸಿತ್ತು. ನಾನು ಕಲ್ಚರ್ ರೂಮಿನಲ್ಲಿ ಗ್ಲೌಸ್ ಹಾಕಿಕೊಂಡಿದ್ದೆ. ಕಳಚಿ ಬರುವಷ್ಟರಲ್ಲಿ ನಿಂತಿತು.

ಫೋಟೋವನ್ನು ಗೋಡೆಯಿಂದ ತೆಗೆದಿದ್ದೇನೆ. ಹಿಂದಕ್ಕೆ ಕಳಿಸಬೇಕಿದ್ದರೆ ತಿಳಿಸಿ.

ಇತಿ,
ಹಿರಿಯ ಸಂಶೋಧಕಿ

---

ಸೆಪ್ಟೆಂಬರ್ 8

ಅಕ್ಕಾ,

ನೀವು ನನ್ನನ್ನು 'ನೀವು' ಅಂತ ಕರೆದ ಕಾಗದ ನಿನ್ನೆ ಬಂತು. ಅದು ನನಗೆ ಸಲ್ಲಬೇಕಾದದ್ದೇ. ನಾನು ಮಾತ್ರ 'ಅಕ್ಕಾ' ಅನ್ನುವುದನ್ನು ಬಿಡಲಾರೆ. ಅದು ನಿಮಗೆ ಹಿಡಿಸದಿದ್ದರೆ ಎದುರಿಗೆ ಸಿಕ್ಕಾಗ ಹೇಳಿ.

ಕಾಗದವನ್ನು ಇವರ ಕೈಗೆ ಕೊಟ್ಟೆ. ಇಷ್ಟು ದಿನ ಇವರಿಗೂ ಹೇಳಿರಲಿಲ್ಲ. ಮೊದಲು ಇದೇನೋ ತಮಾಷೆ ಅಂದುಕೊಂಡು ನಕ್ಕರು. ಆಮೇಲೆ ಎರಡನೇ ಸಲ ಓದಿದರು. ನಾನು ನಡೆದದ್ದೆಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸತೊಡಗಿದರು. ಅದರಲ್ಲಿ ಒಂದು ಚುಕ್ಕೆ ಧೂಳೂ ಇರಲಿಲ್ಲ.

"ಹಾರ್ನ್ ಹೊಡೆಸಿದ್ದು ನಾನು ಕಣೇ" ಅಂದರು.

"ಹೊಡೆಸಿದ್ರಿ. ಟಿಕ್ಕು ಹಾಕಿದ್ದು ನಾನು" ಅಂದೆ.

"ಜಂಕ್ಷನ್ನಲ್ಲಿ ಅಮ್ಮನಿಗೆ ಫೋನ್ ಅಂದೆಯಲ್ಲ?"

"ಅದೂ ಸುಳ್ಳು."

ಇವರು ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಹೋದರು. ಕೆಳಗೆ ಸೈಕಲ್ ಅಂಗಡಿಯವನು ಯಾವುದೋ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಕೊನೆಗೆ, "ನಾನೂ ಬರ್ತೀನಿ, ನಿಮ್ಮಕ್ಕನ ಮುಂದೆ ಇಬ್ಬರೂ ನಿಂತ್ಕೊಳ್ಳೋಣ. ಬೈಗುಳ ಅರ್ಧರ್ಧ ಆಗುತ್ತೆ" ಅಂದರು. ಬೇಡ ಅಂದೆ. ಇದು ಅರ್ಧ ಮಾಡಿಕೊಳ್ಳುವಂಥದ್ದಲ್ಲ. ಅವರಿಗೆ ಬೇಸರವಾಯಿತು, ಆದರೆ ಟಿಕೆಟ್ ತಂದುಕೊಟ್ಟವರು ಅವರೇ. ಒಂದೇ ಟಿಕೆಟ್ ತಂದರು.

ಆಸ್ಪತ್ರೆಯ ಮುಖ್ಯಸ್ಥೆಗೆ ರಜೆಯ ಅರ್ಜಿ ಕೊಟ್ಟೆ. ಕಾರಣದ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರು ನಿಂತಲ್ಲೇ ಓದಿದರು. "ನಿಮ್ಮ ಬಗ್ಗೆ ಅಷ್ಟು ಚೆನ್ನಾಗಿ ಬರೆದವರಿಗೇ ಹೀಗೆ ಮಾಡಿದ್ರಾ?" ಅಂದರು. ಹೌದು ಅಂದೆ. "ಹೋಗಿ ಬನ್ನಿ, ಆಮೇಲೆ ನೋಡೋಣ" ಅಂದರು. ಆ 'ನೋಡೋಣ' ಏನೆಂದು ನಾನು ಕೇಳಲಿಲ್ಲ. ಅಲ್ಲಿದ್ದ ಮೂರು ಜನರೂ ತಮ್ಮ ಸ್ಲೈಡುಗಳ ಮೇಲಿಂದ ತಲೆಯೆತ್ತಲಿಲ್ಲ. ಕಿವಿ ಮಾತ್ರ ಬಿಸಿಯಾಗಿತ್ತು, ನನ್ನದು.

ಮೇಷ್ಟ್ರ ಎದುರು ಗೆರೆ ಎಳೆಯುತ್ತೇನೆ. ಕಾರಣವನ್ನು ನಾನೇ ಬರೆಯುತ್ತೇನೆ. 'ಮರೆವು' ಅಂತ ಬರೆಯುವುದಿಲ್ಲ. ಹಾಕದೆ ಹಾಕಿದೆನೆಂದು ಬರೆದೆ, ಮಾರನೆಯ ದಿನ ಗೊತ್ತಾದರೂ ತಿಳಿಸಲಿಲ್ಲ, ಅಂತ ಬರೆಯುತ್ತೇನೆ. ಅವರು ಕೇಳಿದರೆ ಕಮಿಟಿಯ ಎದುರೂ ಹೇಳುತ್ತೇನೆ. ಸೆಮಿನಾರಿಗೆ ಒಳಗೆ ಬಂದು ಕೂರುವುದಿಲ್ಲ. ಬಾಗಿಲ ಹೊರಗೆ ಬೆಂಚಿದೆಯಲ್ಲ, ಅಲ್ಲಿರುತ್ತೇನೆ. ನೀವು ಮುಗಿಸಿ ಬರುವಾಗ ನನ್ನನ್ನು ನೋಡದೆ ಹೋದರೂ ಸರಿ. ಆ ಇನ್ನೊಂದು ದಾರಿ ಯಾವುದು ಅಂತ ಅವರು ಕೇಳಿದಾಗ ನೀವು ಗೊತ್ತಿಲ್ಲ ಅನ್ನುವುದನ್ನು ಬಾಗಿಲ ಸಂದಿನಿಂದ ಕೇಳಿಸಿಕೊಳ್ಳಬೇಕು ನನಗೆ, ಅಷ್ಟೇ. ಅದನ್ನು ಹೇಳುವಾಗ ನಿಮ್ಮ ಕೈ ನಡುಗಿದರೆ ಅದು ವಯಸ್ಸಿಗಲ್ಲ, ನನ್ನಿಂದ.

ಫೋಟೋ ಕಳಿಸಬೇಡಿ. ಹರಿದುಹಾಕಿ, ಅಥವಾ ಇಟ್ಟಿರಿ. ನಿಮಗೆ ಬಿಟ್ಟದ್ದು.

ಈ ಕಾಗದ ನನಗಿಂತ ಒಂದು ದಿನ ಮುಂಚೆ ನಿಮ್ಮನ್ನು ತಲುಪುತ್ತದೆ ಅಂತ ಅಂಚೆಯವರು ಹೇಳಿದರು. ತಲುಪದಿದ್ದರೂ ನಾನು ಬರುತ್ತೇನೆ. ಸ್ಟೇಷನ್ನಿಗೆ ಯಾರೂ ಬರುವುದು ಬೇಡ. ನೇರ ಲ್ಯಾಬಿಗೇ ಬಂದು, ಮೆಟ್ಟಿಲ ಬಳಿ ನೀವು ಬಾಗಿಲು ತೆಗೆಯುವವರೆಗೆ ನಿಂತಿರುತ್ತೇನೆ.

ಇತಿ,
ನಿಮ್ಮ ಹಳೆಯ ಸಹಾಯಕಿ

ಸೆಪ್ಟೆಂಬರ್ 13, ಮಂಗಳವಾರ, ಬೆಳಗಿನ ಏಳೂ ನಲವತ್ತರ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇನೆ.